ಅನಿಲನ ಜ್ವರ

ದೀಪಾವಳಿ ರಜೆ ಮುಗಿದು ಶಾಲೆ ತೆರೆದ ವಾರವೇ ಆರು ವರ್ಷದ ಅಕ್ಷಯನಿಗೆ ಜ್ವರ ಬಂತು. ೧೯೯೮ರ ಆ ನವೆಂಬರಿನಲ್ಲಿ ಗುಜರಾತಿನ ವಡೋದರದ ಬಳಿಯ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನ ಅರ್ಧ ಮಕ್ಕಳಿಗೆ ಗಂಟಲು ನೋವು, ನೆಗಡಿ ಇದ್ದೇ ಇತ್ತು. ಹಾಗಾಗಿ ಅವನ ತಾಯಿ ನಳಿನಿ ಗಾಬರಿಯಾಗಲಿಲ್ಲ. ಹಣೆಗೆ ತಣ್ಣೀರ ಬಟ್ಟೆ ಹಾಕಿದಳು, ಗಂಜಿ ಕುಡಿಸಿದಳು. ಶಾಲೆಯಿಂದ ಬಂದ ಮಗಳು ಪೂರ್ವಿ ತಮ್ಮನ ಕುತ್ತಿಗೆ ಮುಟ್ಟಿ, ಇಲ್ಲಿ ನೋಡು ಎಂದು ಕರೆದಾಗಲೇ ಅವಳು ಗಮನಿಸಿದ್ದು. ದವಡೆಯ ಕೆಳಗೆ ಎರಡೂ ಕಡೆ ನೆಲ್ಲಿಕಾಯಿ ಗಾತ್ರದ ಗಂಟುಗಳು ಎದ್ದಿದ್ದವು. ಮುಟ್ಟಿದರೆ ಹುಡುಗ ಅಳುತ್ತಿದ್ದ.

ಹತ್ತಿರದ ಡಾಕ್ಟರು ಕ್ಯಾಪ್ಸೂಲು ಕೊಟ್ಟರು. ಅದನ್ನು ನುಂಗಿದ ಮೇಲೆ ಮೈತುಂಬ ಕೆಂಪು ದದ್ದು ಎದ್ದಿತು. ಔಷಧ ಒಗ್ಗಲಿಲ್ಲವೆಂದು ನಿಲ್ಲಿಸಿದರು. ದದ್ದು ಇಳಿಯಿತು, ಜ್ವರ ಇಳಿಯಲಿಲ್ಲ. ಕಣ್ಣು ಹಳದಿಯಾಯಿತು. ವಡೋದರದ ನರ್ಸಿಂಗ್ ಹೋಮಿನಲ್ಲಿ ಮಲಗಿಸಿದ ಮೇಲೆ ಮೂಗಿನಿಂದ ರಕ್ತ ಸೋರಿತು. ಹತ್ತಿ ಇಟ್ಟಷ್ಟೂ ನೆನೆಯಿತು. ಅಲ್ಲಿಯವರು ಇದು ನಮ್ಮ ಕೈಯಲ್ಲಿ ಆಗುವುದಲ್ಲ ಎಂದು ಆಂಬುಲೆನ್ಸ್ ಮಾಡಿಸಿ ಅಹಮದಾಬಾದಿಗೆ ಕಳಿಸಿದರು.

ನಳಿನಿಯ ಗಂಡ ಲಿಂಗರಾಜ ಗದಗಿನ ಕಡೆಯವನು, ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಇಂಜಿನಿಯರ್. ಮಾತು ಕಡಿಮೆ. ಆಂಬುಲೆನ್ಸಿನಲ್ಲಿ ಮಗನ ಪಾದ ಹಿಡಿದು ಕೂತವನು ನಡಿಯಾದ್ ದಾಟುವವರೆಗೆ ಬಾಯಿ ಬಿಡಲಿಲ್ಲ. ದಾಟಿದ ಮೇಲೆ ಹೇಳಿದ್ದೂ ಇಷ್ಟೇ: ಪಾದ ತಣ್ಣಗಾಗುತ್ತಿವೆ, ಇನ್ನೊಂದು ರಗ್ಗು ಇದೆಯಾ ನೋಡು.

ಅಹಮದಾಬಾದಿನ ಆಸ್ಪತ್ರೆಯಲ್ಲಿ ಮಕ್ಕಳ ರಕ್ತರೋಗ ನೋಡುತ್ತಿದ್ದವರು ಡಾಕ್ಟರ್ ಭಾರ್ಗವಿ ಮಾಂಕಡ್. ನರೆತ ಗಿಡ್ಡ ಕೂದಲು, ಕಾಟನ್ ಸೀರೆ, ಮಗುವನ್ನು ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುವ ಅಭ್ಯಾಸ. ಹೊಟ್ಟೆ ಒತ್ತಿ ನೋಡಿದರು. ಎಡಪಕ್ಕೆಯ ಕೆಳಗಿನ ಗುಲ್ಮ, ಅಂದರೆ ಸ್ಪ್ಲೀನು, ಹೊಕ್ಕುಳದ ತನಕ ಬೆಳೆದಿತ್ತು. ಬೆನ್ನ ಕೆಳಗಿನ ಮೂಳೆಯಿಂದ ಮಜ್ಜೆ ತೆಗೆಸಿದರು. ಅದನ್ನು ತಾವೇ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದು ಗಂಡ ಹೆಂಡತಿಯನ್ನು ತಮ್ಮ ಕೋಣೆಗೆ ಕರೆದರು. ಹಿಂದಿ, ಗುಜರಾತಿ ಬೆರೆಸಿ ನಿಧಾನವಾಗಿ ಮಾತಾಡಿದರು.

ಹುಡುಗನ ಮೈಯಲ್ಲಿರುವ ವೈರಸ್ಸು ಅಪರೂಪದ್ದಲ್ಲ ಎಂದರು. ಎಂಜಲಿನಿಂದ ಹರಡುತ್ತದೆ, ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗುತ್ತದೆ, ಬಂದದ್ದೇ ಗೊತ್ತಾಗುವುದಿಲ್ಲ. ಇವನಲ್ಲಿ ಮಾತ್ರ ಅದನ್ನು ಕೊಲ್ಲಲು ಎದ್ದ ಬಿಳಿರಕ್ತಕಣಗಳು ಹುಚ್ಚೆದ್ದಿವೆ. ವೈರಸ್ಸು ಹೊಕ್ಕ ಕಣಗಳನ್ನು ಮುಗಿಸಲೂ ಅವಕ್ಕೆ ಆಗುತ್ತಿಲ್ಲ, ತಾವು ನಿಲ್ಲಲೂ ಆಗುತ್ತಿಲ್ಲ. ಅವುಗಳ ಕೆರಳಿಕೆ ಈಗ ಪಿತ್ತಜನಕಾಂಗವನ್ನೂ ರಕ್ತವನ್ನೂ ತಿನ್ನುತ್ತಿದೆ.

ಯಾಕೆ ಇವನಿಗೆ ಮಾತ್ರ ಎಂದು ಲಿಂಗರಾಜ ಕೇಳಿದ.

ಅದೇ ಪ್ರಶ್ನೆ ಎಂದು ಡಾಕ್ಟರು ಹಾಳೆಯ ಮೇಲೆ ಒಂದು ಗುಂಡನೆಯ ಕಣ ಬರೆದರು. ಅದರ ಚರ್ಮದಿಂದ ಹೊರಗೆ ಚಾಚಿದ ಒಂದು ಕೊಂಬು, ಒಳಗೆ ಇಳಿಬಿದ್ದ ಬಾಲ. ಹೊರಗಿನ ಕೊಂಬು ಇನ್ನೊಂದು ಕಣವನ್ನು ಮುಟ್ಟಿ ಸುದ್ದಿ ಹಿಡಿಯುತ್ತದೆ. ಆದರೆ ಆ ಬಾಲಕ್ಕೆ ಸ್ವಂತ ಶಕ್ತಿಯಿಲ್ಲ. ಒಂದು ಪುಟ್ಟ ಪ್ರೋಟೀನು ಬಂದು ಬಾಲಕ್ಕೆ ಅಂಟಿಕೊಳ್ಳಬೇಕು, ತನ್ನ ಇನ್ನೊಂದು ಮೈಗೆ ಒಳಗಿನ ಕೆಲಸಗಾರರನ್ನು ಅಂಟಿಸಿಕೊಳ್ಳಬೇಕು. ಆಗ ಸುದ್ದಿ ಒಳಗೆ ದಾಟುತ್ತದೆ. ಆ ಪುಟ್ಟ ಪ್ರೋಟೀನು ತಾನಾಗಿ ಏನನ್ನೂ ಕತ್ತರಿಸುವುದಿಲ್ಲ, ಏನನ್ನೂ ಕಟ್ಟುವುದಿಲ್ಲ. ನಡುವೆ ನಿಂತು ದಾಟಿಸುವುದಷ್ಟೇ ಅದರ ಕೆಲಸ. ಕೆಲವು ಗಂಡುಮಕ್ಕಳು ಹುಟ್ಟುವಾಗಲೇ ಅದಿಲ್ಲದೆ ಹುಟ್ಟುತ್ತಾರೆ. ಅದರ ಜೀನನ್ನು ವಿದೇಶದಲ್ಲಿ ಕಂಡುಹಿಡಿದು ಇನ್ನೂ ಕೆಲವು ವಾರಗಳಾಗಿವೆ ಅಷ್ಟೇ, ನಾನೂ ಓದಿದ್ದು ಈಗ ಎಂದರು.

ಲಿಂಗರಾಜ ಆ ಚಿತ್ರವನ್ನೇ ನೋಡುತ್ತಿದ್ದ. ಟ್ಯಾಂಕಿನ ಗೇಜು ಸರಿಯಾಗಿದೆ, ಕಂಟ್ರೋಲ್ ರೂಮಿನ ಮನುಷ್ಯನೂ ಎಚ್ಚರವಿದ್ದಾನೆ, ನಡುವಿನ ಟ್ರಾನ್ಸ್‌ಮಿಟರ್ ಇಲ್ಲ, ಹಾಗೆಯೇ ಎಂದು ಕೇಳಿದ. ಡಾಕ್ಟರು ತಲೆಯಾಡಿಸಿದರು.

ಆಮೇಲೆ ಅವರು ಪೆನ್ನು ಕೆಳಗಿಟ್ಟು ಮುಂದಿನದನ್ನು ಹೇಳಿದರು. ಮುಂದೆ ಎರಡು ದಾರಿಯಿವೆ. ಇದು ಸಾಧಾರಣ ಸೋಂಕು ವಿಪರೀತಕ್ಕೆ ಹೋದದ್ದಾದರೆ ರಕ್ತ ಕೊಡುತ್ತ, ಕಾಯುತ್ತ ಕೂರಬೇಕು; ಮೈ ತಾನಾಗಿ ಚೇತರಿಸಿಕೊಂಡೀತು. ಹುಟ್ಟಿನಿಂದ ಬಂದ ಆ ಕೊರತೆಯಾದರೆ ಕಾಯುವುದೆಂದರೆ ಸಾವು. ಕ್ಯಾನ್ಸರಿಗೆ ಕೊಡುವ ಒಂದು ವಿಷದ ಔಷಧ ಕೊಟ್ಟು ಹುಚ್ಚೆದ್ದ ಕಣಗಳನ್ನು ಸುಡಬೇಕು. ಆ ಕೊರತೆಯಿಲ್ಲದವನಿಗೆ ಸುಮ್ಮನೆ ಕೊಟ್ಟರೆ ಅದೇ ಔಷಧ ಉಳಿದ ರಕ್ತವನ್ನೂ ಸುಟ್ಟು ಹುಡುಗನನ್ನು ಮುಗಿಸುತ್ತದೆ. ಜೀನಿನ ಪರೀಕ್ಷೆ ಇಲ್ಲಿಲ್ಲ. ಹೊರದೇಶಕ್ಕೆ ರಕ್ತ ಕಳಿಸಿ ಉತ್ತರ ಬರುವತನಕ ಇವನು ಉಳಿಯುವುದಿಲ್ಲ. ಗೊತ್ತುಮಾಡಿಕೊಳ್ಳಲು ಇರುವುದು ಒಂದೇ ದಾರಿ. ಈ ಕೊರತೆ ತಾಯಂದಿರ ಮೂಲಕ ಗಂಡುಮಕ್ಕಳಿಗೆ ಇಳಿಯುತ್ತದೆ. ಹೆಂಗಸರಿಗೆ ಏನೂ ಆಗುವುದಿಲ್ಲ, ಅವರು ಹೊತ್ತಿರುತ್ತಾರೆ ಅಷ್ಟೇ. ನಿಮ್ಮ ತಾಯಿಯ ಕಡೆ ಯಾರಾದರೂ ಗಂಡುಮಕ್ಕಳು ಹೀಗೆ ತೀರಿಕೊಂಡಿದ್ದಾರೆಯೇ?

ನಳಿನಿ ತಾಯಿಯ ತಮ್ಮ ಬಾಲಚಂದ್ರನ ಹೆಸರು ಹೇಳಿದಳು. ಚಿಕ್ಕವನಿದ್ದಾಗ ಕಾಮಾಲೆಯಾಗಿ ಹೋದನೆಂದು ತಾಯಿ ಹೇಳುತ್ತಿದ್ದಳು, ಹೆಚ್ಚಿಗೆ ಗೊತ್ತಿಲ್ಲ, ಹೇಳುವ ತಾಯಿಯೂ ಈಗಿಲ್ಲ. ಕಾಮಾಲೆ ಯಾವುದರಿಂದಲೂ ಆಗಬಹುದು, ಅದೊಂದನ್ನೇ ನಂಬಿ ಈ ಔಷಧ ಕೊಡಲಾರೆ ಎಂದರು ಡಾಕ್ಟರು. ಇನ್ನೊಬ್ಬರು?

 ಲಿಂಗರಾಜನೇ ಹೇಳಿದ: ಇವಳ ಅಕ್ಕನ ಮಗ ಅನಿಲ್, ಸೂರತ್ತಿನಲ್ಲಿದ್ದ. ತೊಂಬತ್ನಾಲ್ಕರಲ್ಲಿ ಪ್ಲೇಗಿನಿಂದ ಸತ್ತ.

ಪ್ಲೇಗು ಎಂದು ಯಾರು ಹೇಳಿದರು, ಪರೀಕ್ಷೆಯಲ್ಲಿ ಸಿಕ್ಕಿತ್ತೇ ಎಂದು ಡಾಕ್ಟರು ಕೇಳಿದರು. ಎಷ್ಟು ದಿನದ ಜ್ವರ? ಕುತ್ತಿಗೆ ಊದಿತ್ತೇ? ಕಣ್ಣು ಹಳದಿಯಾಗಿತ್ತೇ? ಲಿಂಗರಾಜ ಹೆಂಡತಿಯ ಕಡೆ ನೋಡಿದ. ನಳಿನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಈ ನಾಲ್ಕು ವರ್ಷದಲ್ಲಿ ಅವಳು ಯಾರನ್ನೂ ಕೇಳಿರಲಿಲ್ಲ.

ತೊಂಬತ್ನಾಲ್ಕರ ಆ ಸೆಪ್ಟೆಂಬರಿನಲ್ಲಿ ಪ್ಲೇಗಿನ ಭಯಕ್ಕೆ ಸೂರತ್ ಖಾಲಿಯಾಗುತ್ತಿತ್ತು. ರೈಲಿನ ಬಾಗಿಲಿಗೆ, ಛಾವಣಿಗೆ ಜನ ಜೋತುಬಿದ್ದು ಓಡಿಹೋಗುತ್ತಿದ್ದ ಚಿತ್ರ ದಿನಾ ಪೇಪರಿನಲ್ಲಿ ಬರುತ್ತಿತ್ತು. ಅಕ್ಕ ಇಂದಿರಾಳ ಗಂಡ ಸದಾಶಿವ ಬ್ಯಾಂಕಿನಲ್ಲಿದ್ದ. ಅವನು ಕೆಲಸ ಬಿಟ್ಟು ಬರುವಂತಿರಲಿಲ್ಲ. ಇಂದಿರಾ ಏಳು ವರ್ಷದ ಅನಿಲನನ್ನು ಎತ್ತಿಕೊಂಡು ಒಬ್ಬಳೇ ವಡೋದರಕ್ಕೆ ಬಂದು, ಆಟೋ ಹಿಡಿದು ಕೊಯಾಲಿಗೆ ಬಂದಿದ್ದಳು. ಮಧ್ಯಾಹ್ನದ ಹೊತ್ತು. ಲಿಂಗರಾಜ ಡ್ಯೂಟಿಯಲ್ಲಿದ್ದ. ಅಕ್ಷಯನಿಗೆ ಆಗ ಎರಡು ವರ್ಷ, ಒಳಗೆ ಮಲಗಿದ್ದ. ಅಕ್ಕನ ಹೆಗಲ ಮೇಲೆ ಕಣ್ಣು ಮುಚ್ಚಿ ಏದುಸಿರು ಬಿಡುತ್ತಿದ್ದ ಹುಡುಗನನ್ನು ಕಂಡು ನಳಿನಿ ವರಾಂಡದ ಗ್ರಿಲ್ಲಿನ ಚಿಲಕ ತೆಗೆಯಲಿಲ್ಲ. ಮಗು ಐತಿ ಅಕ್ಕಾ, ನನ್ನ ಮಗು ಐತಿ ಎಂದು ಅಳುತ್ತಲೇ ಹೇಳಿದಳು. ಬಾಟಲಿಯಲ್ಲಿ ನೀರು ತುಂಬಿ ಗ್ರಿಲ್ಲಿನ ಸಂದಿಯಿಂದ ಕೊಟ್ಟಳು. ಇಂದಿರಾ ಅದನ್ನು ತೆಗೆದುಕೊಳ್ಳಲಿಲ್ಲ. ಅದೇ ಆಟೋದಲ್ಲಿ ಹಿಂದಿರುಗಿ ವಡೋದರದ ಒಂದು ಆಸ್ಪತ್ರೆಯ ಪ್ರತ್ಯೇಕ ವಾರ್ಡಿಗೆ ಹೋದಳು. ಅನಿಲ್ ಅಲ್ಲಿ ತೀರಿಕೊಂಡ. ಯಾರೂ ಹತ್ತಿರ ಬಾರದಂತೆ ಸುಟ್ಟರು. ಅಂದಿನಿಂದ ಅಕ್ಕ ತಂಗಿಗೆ ಮಾತಿಲ್ಲ.

ಲಿಂಗರಾಜ ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿನಿಂದ ಸೂರತ್ತಿಗೆ ಫೋನು ಮಾಡಿ ರಿಸೀವರನ್ನು ಹೆಂಡತಿಯ ಕೈಗೆ ಕೊಟ್ಟ. 'ಅಕ್ಕಾ' ಎಂದದ್ದೇ ಆ ಕಡೆ ಲೈನು ಕಡಿಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ನಳಿನಿ ವಾರ್ಡಿಗೆ ಹೋಗಿ ಮಗನನ್ನು ನೋಡಿದಳು. ತುಟಿಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಅವನು ಅವಳನ್ನು ಗುರುತು ಹಿಡಿಯದೆ, ಪಾಣಿ, ಪಾಣಿ ಎಂದು ಗುಜರಾತಿಯಲ್ಲಿ ನೀರು ಕೇಳುತ್ತಿದ್ದ. ಅವಳು ಉಟ್ಟ ಸೀರೆಯಲ್ಲೇ ಸ್ಟೇಷನ್ನಿಗೆ ಹೋಗಿ ಬೆಳಗಿನ ರೈಲು ಹತ್ತಿದಳು.

ಕೂತ ಜಾಗದಲ್ಲಿ ಕೂರಲಾಗದೆ ವಡೋದರದವರೆಗೆ ಬಾಗಿಲ ಬಳಿ ನಿಂತೇ ಇದ್ದಳು. ಅಕ್ಕ ಏನು ಹೇಳಬೇಕೆಂದು ತಾನು ಬೇಡಿಕೊಳ್ಳಬೇಕು ಎಂಬುದೇ ಅವಳಿಗೆ ತಿಳಿಯಲಿಲ್ಲ. ಅನಿಲನಿಗೂ ಹೀಗೇ ಆಗಿತ್ತು ಎಂದರೆ ಅಕ್ಷಯನಿಗೆ ಔಷಧವುಂಟು, ಆದರೆ ರೋಗವೂ ಅದೇ ಎಂದಾಯಿತು. ಇಲ್ಲ ಎಂದರೆ ಕಾಯುತ್ತ ಕೂರಬೇಕು. ಕಾದರೆ ಆ ಹುಡುಗ ಉಳಿಯುವುದಿಲ್ಲವೆಂದು ತಾಯಿಯ ಕಣ್ಣಿಗೆ ಕಾಣುತ್ತಿತ್ತು. ಕಡೆಗೆ, ಅನಿಲನಿಗೆ ಆದದ್ದು ಇದೇ ಆಗಿರಲಿ ಎಂದು ಅವಳು ದೇವರನ್ನು ಬೇಡಿದಳು. ಬೇಡಿದ ಮೇಲೆ ತಾನು ಬೇಡಿದ್ದು ಏನೆಂದು ಅರಿವಾಗಿ ಮುಖ ಮುಚ್ಚಿಕೊಂಡಳು.

ಸದಾಶಿವನಿಗೆ ಭರೂಚಿಗೆ ವರ್ಗವಾಗಿತ್ತು. ಊರ ಕಡೆ ವರ್ಗ ಕೇಳಿ ಪಡೆಯಬಹುದಿತ್ತು, ಆದರೆ ಅನಿಲ್ ಆಡಿದ ಮನೆ ಬಿಟ್ಟು ಇಂದಿರಾ ಬರಲೊಲ್ಲೆ ಎಂದದ್ದರಿಂದ ಅವನು ದಿನಾ ರೈಲಿನಲ್ಲಿ ಓಡಾಡುತ್ತಿದ್ದ. ನಳಿನಿ ಹೋದಾಗ ಇಂದಿರಾ ಒಬ್ಬಳೇ ಇದ್ದಳು. ಬಾಗಿಲು ತೆರೆದವಳು ತಂಗಿಯನ್ನು ನೋಡಿ, ಬಾ ಎನ್ನದೆ, ಹೋಗು ಎನ್ನದೆ, ತಿರುಗಿ ಅಡುಗೆಮನೆಗೆ ನಡೆದಳು. ನಳಿನಿ ಹಿಂದೆ ಹೋದಳು. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

'ಅಕ್ಕಾ, ಅಕ್ಷಯ ಸಾಯಾಕತ್ತಾನ.'

ಇಂದಿರಾ ತಿರುಗದೆ ಕೇಳಿದಳು: 'ಪ್ಲೇಗೇನು?'

ನಳಿನಿ ಇಲ್ಲವೆಂದಳು. ಡಾಕ್ಟರು ಕೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಅನಿಲನಿಗೆ ಏನೇನಾಗಿತ್ತು ಅಷ್ಟು ಹೇಳು, ಆಮೇಲೆ ನನ್ನ ಮುಖ ನೋಡಬೇಡ ಎಂದಳು.

'ಈಗ ಕೇಳಾಕ ಬಂದಿ. ಅವತ್ತ ಗ್ರಿಲ್ ಹಿಡ್ಕೊಂಡ ನಿಂತಿದ್ದೆಲ್ಲ, ಅವತ್ತ ಯಾಕ ಕೇಳ್ಲಿಲ್ಲ? ಎಷ್ಟ ದಿನದಿಂದ ಜ್ವರ ಅಂತ ಒಂದ ಮಾತ ಕೇಳಿದ್ದರ ಹೇಳ್ತಿದ್ದೆ.'

ನಳಿನಿ ಅಕ್ಕನ ಕಾಲ ಬಳಿ ಕುಸಿದು ಕೂತಳು.  ಹೊರಗೆ ಪೌರಕಾರ್ಮಿಕರು ಬೀದಿ ಗುಡಿಸುವ ಸದ್ದು ಬರುತ್ತಿತ್ತು. ಪ್ಲೇಗಿನ ನಂತರ ಸೂರತ್ತಿನ ಬೀದಿಗಳನ್ನು ಹೊತ್ತುಹೊತ್ತಿಗೆ ಗುಡಿಸುತ್ತಿದ್ದರು. ಕೊನೆಗೆ ಇಂದಿರಾ ಗೋಡೆಯ ಕಡೆ ಮುಖ ಮಾಡಿಯೇ ಹೇಳತೊಡಗಿದಳು. ಗಣಪತಿ ಕೂಡಿಸಿದ ದಿನವೇ ಜ್ವರ ಬಂದಿತ್ತು. ಊರಲ್ಲಿ ಪ್ಲೇಗಿನ ಮಾತೇ ಇರಲಿಲ್ಲ ಆಗ. ಕುತ್ತಿಗೆ ಊದಿತು, ಗಂಟಲಲ್ಲಿ ಗಂಜಿ ಇಳಿಯದಾಯಿತು. ಡಾಕ್ಟರು ಕ್ಯಾಪ್ಸೂಲು ಕೊಟ್ಟರು. ಅದನ್ನು ನುಂಗಿದ ಮೇಲೆ ಮೈಯೆಲ್ಲ ಕೆಂಪಗೆ ದದ್ದೆದ್ದಿತು. ಆಮೇಲೆ ಕಣ್ಣು ಹಳದಿ. ದೊಡ್ಡ ಆಸ್ಪತ್ರೆಗೆ ಸೇರಿಸಿ ಎಂದಿದ್ದ ಡಾಕ್ಟರು, ಪ್ಲೇಗಿನ ಸುದ್ದಿ ಎದ್ದ ಬೆಳಿಗ್ಗೆ ಕ್ಲಿನಿಕ್ಕಿಗೆ ಬೀಗ ಹಾಕಿ ಊರು ಬಿಟ್ಟಿದ್ದ. ಮತ್ತೆಲ್ಲಿ ಹೋಗಬೇಕು, ತಂಗಿಯ ಮನೆಗೆ ಹೊರಟೆ. ರೈಲಿನಲ್ಲಿ ಅವನ ಮೂಗಿನಿಂದ ರಕ್ತ ಬಂತು. ಸೆರಗಿನಿಂದ ಒರೆಸಿ, ಯಾರಾದರೂ ನೋಡಿದರೆ ಇಳಿಸಿಬಿಟ್ಟಾರೆಂದು ಅವನ ಮುಖವನ್ನು ಎದೆಗೆ ಒತ್ತಿ ಹಿಡಿದಿದ್ದೆ ಎಂದಳು.

ಒಂದೊಂದು ಮಾತಿಗೂ ನಳಿನಿಗೆ ಅಕ್ಷಯನೇ ಕಾಣುತ್ತಿದ್ದ. ಪ್ಲೇಗಾಗಿದ್ದರೆ ಅಷ್ಟು ದಿನ ಬದುಕುತ್ತಲೇ ಇರಲಿಲ್ಲ, ನಮ್ಮ ಡಾಕ್ಟರು ಹೇಳಿದ ರೋಗ ಇದೇ ಎಂದು ಅವಳು ಅಳುತ್ತ ಹೇಳಿದಳು. ಗೋಡೆಯ ಕಡೆಗಿದ್ದ ಇಂದಿರಾ ಆಗ ತಿರುಗಿದಳು.

'ಅಂದ್ರ ಪ್ಲೇಗ್ ಅಲ್ಲ.'

'ಅಲ್ಲ ಅಕ್ಕಾ. ಅವ್ವನಿಂದ ನಮಗಿಬ್ಬರಿಗೂ ಬಂದೈತಿ. ನಿನ್ನಿಂದ ಅವಗ, ನನ್ನಿಂದ ಇವಗ.'

'ತಾಪಿ ಹೊಳಿ ದಂಡಿಗೆ ಆಡಾಕ ಬಿಟ್ಟೆ, ಇಲಿ ಸತ್ತ ಬಿದ್ದಿದ್ದವು, ಅದಕ್ಕ ಆತು ಅಂತ ನಾ...'  ಇಂದಿರಾ ಸಿಂಕಿನ ಅಂಚು ಹಿಡಿದು ನಿಂತಳು. ಅವಳಿಗೆ ಹಗುರಾಯಿತೋ, ಹೊಸದಾಗಿ ಏಟು ಬಿತ್ತೋ ನಳಿನಿಗೆ ಗೊತ್ತಾಗಲಿಲ್ಲ. ಬಹುಶಃ ಇಂದಿರಾಳಿಗೂ ಗೊತ್ತಾಗಲಿಲ್ಲ.

ನಳಿನಿ ಆಸ್ಪತ್ರೆಗೆ ಫೋನು ಮಾಡಲು ಬೂತು ಹುಡುಕಿ ಹೊರಟಾಗ ಇಂದಿರಾ ತಡೆದಳು. ಹೊರಗೇಕೆ, ಫೋನು ಮನೆಯಲ್ಲೇ ಇದೆ ಎಂದು ತಾನೇ ನಂಬರು ತಿರುಗಿಸಿದಳು. ಲೈನಿಗೆ ಬಂದ ಡಾಕ್ಟರ್ ಮಾಂಕಡ್ ಅವರಿಗೆ ಎಲ್ಲವನ್ನೂ ತಾನೇ ಗುಜರಾತಿಯಲ್ಲಿ ಮತ್ತೊಮ್ಮೆ ಹೇಳಿದಳು. ಈ ಸಲ ಅವಳ ದನಿ ಗಟ್ಟಿಯಾಗಿತ್ತು. ಡಾಕ್ಟರು ಕೇಳಿದ ಪ್ರಶ್ನೆಗಳಿಗೆ ಹೌದು, ಹೌದು ಎನ್ನುತ್ತ ಹೋದಳು. ಸಂಜೆಯೊಳಗೆ ಔಷಧ ಶುರು ಮಾಡುವುದಾಗಿ ಡಾಕ್ಟರು ಹೇಳಿದರು. ಫೋನು ಇಟ್ಟ ಮೇಲೆ ಇಂದಿರಾ ಕಪಾಟಿನಿಂದ ಎರಡು ಸೀರೆ ತೆಗೆದು ಚೀಲಕ್ಕೆ ಹಾಕಿಕೊಂಡಳು.  ಸ್ಟೇಷನ್ನಿಗೆ ಮುಂದೆ ಮುಂದೆ ನಡೆದಳು.

ಔಷಧ ಹೋದ ಮೊದಲ ವಾರ ಅಕ್ಷಯ್ ಇನ್ನಷ್ಟು ಹದಗೆಟ್ಟ. ಬಾಯೊಳಗೆಲ್ಲ ಹುಣ್ಣಾಯಿತು. ತಲೆಗೂದಲು ದಿಂಬಿಗೆ ಅಂಟಿಕೊಂಡು ಬಂತು. ರಕ್ತ ಏರಿಸಿದಷ್ಟೂ ಸೋರಿತು. ಲಿಂಗರಾಜನ ಜೊತೆ ಕೆಲಸ ಮಾಡುವವರು ಕೊಯಾಲಿಯಿಂದ ಗುಂಪುಗುಂಪಾಗಿ ಬಂದು ರಕ್ತ ಕೊಟ್ಟುಹೋದರು. ಲಿಂಗರಾಜ ಡಾಕ್ಟರರ ಕೋಣೆಯ ಮುಂದೆ ನಿಂತು, ನಿಲ್ಲಿಸಿಬಿಡೋಣವೇ ಎಂದು ಒಮ್ಮೆ ಕೇಳಿದ. ನಿಲ್ಲಿಸುವ ಹಂತ ದಾಟಿ ಬಂದಿದ್ದೇವೆ ಎಂದರು ಅವರು. ಅವರ ಮುಖದಲ್ಲೂ ನಿದ್ದೆಗೆಟ್ಟ ಕಳೆಯಿತ್ತು. ತಾನು ಅಕ್ಕನ ಬಾಯಿಂದ ಹೊರಡಿಸಿದ ಮಾತೇ ಮಗನನ್ನು ಕೊಲ್ಲುತ್ತಿದೆಯೇನೋ ಎಂದು ನಳಿನಿಗೆ ಅನ್ನಿಸತೊಡಗಿತು. ಊಟ ಬಿಟ್ಟಳು. ಯಾರು ಕರೆದರೂ ಕಾರಿಡಾರಿನ ಬೆಂಚು ಬಿಟ್ಟು ಏಳಲಿಲ್ಲ.

ಇಂದಿರಾ ಮಾತ್ರ ಹುಡುಗನ ಪಕ್ಕದಲ್ಲೇ ಇದ್ದಳು. ಹತ್ತಿಯನ್ನು ನೀರಲ್ಲಿ ಅದ್ದಿ ತುಟಿ ಒರೆಸುವಳು, ಹುಣ್ಣಿನ ಬಾಯಿಗೆ ಹನಿಹನಿಯಾಗಿ ಮಜ್ಜಿಗೆಯ ತಿಳಿ ಬಿಡುವಳು. ತಂಗಿಯ ಜೊತೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಡಾಕ್ಟರು ನೋಡಿ ಹೊರಗೆ ಬಂದಾಗ ಅವಳು ಹಿಂದೆಯೇ ಬಂದು, ಬೆಂಚಿನ ಮೇಲೆ ನಳಿನಿ ಕೂತಿದ್ದಂತೆಯೇ, ಅವರನ್ನು ಗುಜರಾತಿಯಲ್ಲಿ ಕೇಳಿದಳು. ಅಂದು ಇವಳು ಬಾಗಿಲು ತೆಗೆದಿದ್ದರೆ, ನನ್ನ ಮಗನನ್ನು ಒಳ್ಳೆಯ ಡಾಕ್ಟರರ ಹತ್ತಿರ ಕರೆದೊಯ್ದಿದ್ದರೆ, ಅವನು ಉಳಿಯುತ್ತಿದ್ದನೇ?

ನಳಿನಿ ತಲೆ ಎತ್ತಲಿಲ್ಲ.  ಡಾಕ್ಟರು ಇಲ್ಲ ಎಂದುಬಿಟ್ಟಿದ್ದರೆ ಇಬ್ಬರಿಗೂ ಸಮಾಧಾನವಾಗುತ್ತಿತ್ತು, ಅದು ಅವರಿಗೂ ತಿಳಿದಿರಬೇಕು.

'ಖಬರ್ ನಥೀ, ಬೆನ್,' ಎಂದರು. ಗೊತ್ತಿಲ್ಲ ತಂಗಿ. ಆಗ ಈ ರೋಗ ಗುರುತಿಸುವವರು ಇಲ್ಲಿ ಕಡಿಮೆ. ನಾನೇ ನೋಡಿದ್ದರೂ ತಪ್ಪುತ್ತಿದ್ದೆನೇನೋ. ಆದರೆ ಖಂಡಿತ ಉಳಿಯುತ್ತಿರಲಿಲ್ಲ ಎಂದು ಹೇಳಲು ನನಗೆ ಹಕ್ಕಿಲ್ಲ.

ಇಂದಿರಾ ಕೈ ಮುಗಿದಳು. ಡಾಕ್ಟರು ಹೋದ ಮೇಲೆ ತಂಗಿಯ ಎದುರು ನಿಂತಳು.

'ನಾ ನಿನ್ನ ಮಾಫ್ ಮಾಡಿಲ್ಲ ನಳಿನಿ. ಮಾಡಾಕ ಆಗ್ತೈತೋ ಇಲ್ಲೋ ಗೊತ್ತಿಲ್ಲ. ಎದ್ದ ಹೋಗಿ ಉಂಡ ಬಾ. ಇವನ ಹಂತ್ಯಾಕ ನಾ ಕೂಡ್ತೀನಿ.'

ಆ ಮಾತಿಗೆ ನಳಿನಿ ಎದ್ದಳು. ಆಸ್ಪತ್ರೆಯ ಹೊರಗೆ ಉಡುಪಿ ಕಡೆಯವರದೊಂದು ಹೋಟೆಲಿತ್ತು. ಅಲ್ಲಿ ಕೂತು ಅನ್ನಕ್ಕೆ ಸಾರು ಕಲಸಿ, ಕಣ್ಣೀರು ಒರೆಸಿಕೊಳ್ಳದೆ ತಟ್ಟೆ ಖಾಲಿ ಮಾಡಿದಳು.

ಎರಡನೆಯ ವಾರದ ಕೊನೆಗೆ ಜ್ವರ ಇಳಿಯಿತು. ಒಂದು ದಿನ ಇಳಿದು ಮತ್ತೆ ಏರಿತು, ಮತ್ತೆ ಇಳಿಯಿತು. ಹೊಟ್ಟೆಯ ಬಿಗಿತ ಸಡಿಲಾಯಿತು. ಅಕ್ಷಯ್ ಕಣ್ಣು ತೆರೆದು, ಬೋಳು ತಲೆ ಮುಟ್ಟಿಕೊಂಡು, ಎದುರಿಗಿದ್ದ ಬಿಳಿಗೂದಲಿನ ಹೆಂಗಸು ಯಾರೆಂದು ಅಪ್ಪನನ್ನು ಕೇಳಿದ. ದೊಡ್ಡವ್ವ ಎಂದು ಲಿಂಗರಾಜ ಹೇಳಿದ. ಆ ಶಬ್ದ ಹುಡುಗನಿಗೆ ಗೊತ್ತಿರಲಿಲ್ಲ. ಗುಜರಾತಿಯಲ್ಲಿ ಮಾಸಿ ಎಂದು ಬಿಡಿಸಿ ಹೇಳಬೇಕಾಯಿತು.

ಗೆದ್ದೆವು ಎಂದು ಡಾಕ್ಟರು ಹೇಳಲಿಲ್ಲ. ವೈರಸ್ಸು ಮೈಯಲ್ಲಿ ಜೀವನಪೂರ್ತಿ ಉಳಿಯುತ್ತದೆ, ಅದನ್ನು ಹದ್ದುಬಸ್ತಿನಲ್ಲಿಡುವ ಶಕ್ತಿ ಇವನ ಕಣಗಳಿಗಿಲ್ಲ, ಮುಂದಿನ ಸಲ ಔಷಧ ಹಿಡಿಯದೆ ಹೋಗಬಹುದು ಎಂದರು. ಹೊಂದುವ ಮಜ್ಜೆಯನ್ನು ಬೇರೆಯವರಿಂದ ತಂದು ಹಾಕಬೇಕು. ಪೂರ್ವಿಯ ರಕ್ತ ಪರೀಕ್ಷಿಸಿದಾಗ ಹೊಂದಿತು. ಹನ್ನೆರಡು ವರ್ಷದ ಆ ಹುಡುಗಿ ದೊಡ್ಡವರ ಮಾತನ್ನೆಲ್ಲ ಬಾಗಿಲ ಹಿಂದೆ ಕೇಳಿಸಿಕೊಂಡಿದ್ದಳು. ತಾಯಿಯನ್ನು ಕೇಳದೆ ಇಂದಿರಾಳನ್ನು ಕೇಳಿದಳು, ಅವಳಿಗೆ ಬರುವ ಅರೆಬರೆ ಕನ್ನಡದಲ್ಲಿ: 'ಮಾಸಿ, ನನ್ನ ಒಳಗೂ ಅದು ಇದೆಯಾ? ಮುಂದೆ ನನಗೆ ಗಂಡು ಬಾಬಾ ಹುಟ್ಟಿದರೆ ಅವನಿಗೂ ಹೀಗೆ ಆಗತ್ತಾ?'

ಇಂದಿರಾ ಅವಳ ಜಡೆ ಹೆಣೆಯುತ್ತಿದ್ದಳು. 'ಇರಬಹುದು. ಇರಲಾರದನೂ ಇರಬಹುದು. ದೊಡ್ಡಾಕಿ ಆದ ಮ್ಯಾಲ ಪರೀಕ್ಷೆ ಮಾಡ್ಸೂಣು' ಎಂದಳು. ಸುಳ್ಳು ಹೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಜಡೆ ಮುಗಿದರೂ ಪೂರ್ವಿ ಎದ್ದು ಹೋಗದೆ ಅವಳ ಮಡಿಲಿಗೆ ಒರಗಿಯೇ ಕೂತಿದ್ದಳು.

ಮಜ್ಜೆ ಹಾಕಿದ್ದು ಮರುವರ್ಷದ ಬೇಸಿಗೆಯಲ್ಲಿ, ದಕ್ಷಿಣದ ಒಂದು ಆಸ್ಪತ್ರೆಯಲ್ಲಿ. ಅದರ ಸಂಕಟವೇ ಬೇರೆ ಕಥೆಯಾಗುವಷ್ಟಿತ್ತು. ಎರಡು ಸಲ ಹುಡುಗ ಕೈತಪ್ಪಿ ಹೋದ ಅಂದುಕೊಂಡರು. ಮೂಳೆ ಚುಚ್ಚಿಸಿಕೊಂಡ ಪೂರ್ವಿ ನೋವನ್ನು ಯಾರಿಗೂ ಹೇಳಲಿಲ್ಲ. ಕಡೆಗೆ ಅವಳ ಮಜ್ಜೆ ತಮ್ಮನಲ್ಲಿ ಹಿಡಿಯಿತು. ಹೊರದೇಶಕ್ಕೆ ಕಳಿಸಿದ್ದ ರಕ್ತದ ಉತ್ತರ ಅಷ್ಟರಲ್ಲಿ ಬಂದಿತ್ತು: ಆ ಪುಟ್ಟ ಪ್ರೋಟೀನು ಅಕ್ಷಯನಲ್ಲಿ ಹುಟ್ಟಿನಿಂದಲೇ ಇರಲಿಲ್ಲ.

ಇಂದಿರಾ ಕೊಯಾಲಿಯ ಮನೆಗೆ ಆಮೇಲೂ ಬರಲಿಲ್ಲ. ನಳಿನಿಯೂ ಬಾ ಎನ್ನುವ ಧೈರ್ಯ ಮಾಡಲಿಲ್ಲ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅವಳೇ ಸೂರತ್ತಿಗೆ ಹೋಗತೊಡಗಿದಳು. ಅಕ್ಷಯನಿಗೆ ಏಳು ತುಂಬಿತ್ತು, ಅನಿಲ್ ತೀರಿಕೊಂಡಾಗಿನ ವಯಸ್ಸು. ಕೂದಲು ಬೆಳೆದಿತ್ತು, ಹಸಿವು ಹೆಚ್ಚಾಗಿತ್ತು. ಇಂದಿರಾ ಅವನಿಗೆ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ ಮಾಡಿ ಬಡಿಸುತ್ತಿದ್ದಳು, ಬೇಡವೆಂದರೂ ತುಪ್ಪ ಹಾಕುತ್ತಿದ್ದಳು. ಆದರೆ ಅವನು ಉಣ್ಣುವುದನ್ನು ನೋಡುತ್ತ ಕೂರಲು ಅವಳಿಂದ ಆಗುತ್ತಿರಲಿಲ್ಲ. ಬಡಿಸಿದವಳೇ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದಳು. ನಳಿನಿ ಮಗನ ಪಕ್ಕದಲ್ಲಿ ಕೂತು, ಅವನ ಊಟ ಮುಗಿಯುವವರೆಗೆ ಅಕ್ಕನ ಬೆನ್ನನ್ನು ನೋಡುತ್ತಿದ್ದಳು.